ಉರ್ಸುಲಾ ಹಾಡುತ್ತಾಳೆಯೇ

ಖಲೀಫಾ ಸಿಟಿ, ಅಬುಧಾಬಿ
21 ನವೆಂಬರ್ 2014, ಶುಕ್ರವಾರ

ಪ್ರೀತಿಯ ಅಜ್ಜಿ, ನನ್ನ ವ್ಹಡ್ಲಿಮಾಂಯ್,

ನಾನು ದುಬೈಯ ಊದ್ ಮೇಥಾದ ಹೋಟೆಲಿನಲ್ಲಿ ಕೆಲಸ ಮಾಡುತ್ತಿಲ್ಲ. ಯಾವತ್ತೂ ಮಾಡಿಲ್ಲ. ಹೋಟೆಲ್ ಎಂದು ಪಪ್ಪಾನಿಗೆ ಹೇಳಿದ್ದು ನಮ್ಮೂರ ಸೆಡ್ರಿಕ್, ಅದನ್ನು ನಾನು ತಿದ್ದಲಿಲ್ಲ. ತಿದ್ದಿದ್ದರೆ ಮತ್ತೆಲ್ಲಿದ್ದೀ ಎಂದು ಕೇಳುತ್ತಿದ್ದರು, ಆಗ ಹೇಳಬೇಕಾಗುತ್ತಿತ್ತು. ಈಗ ಹೇಳುತ್ತೇನೆ. ಈಸ್ಟರಿನಿಂದ ನಾನು ಒದೀಲ್‌ಬಾಯಿಯ ಮನೆಯಲ್ಲಿದ್ದೇನೆ. ಹೊಳೆ ನಡುವಿನ ನಮ್ಮ ಕುದ್ರುವಿಗೆ ಬಂದು ನಿನ್ನ ಹಿತ್ತಿಲ ಕೋಣೆಯಲ್ಲಿ ಎರಡು ಮಳೆಗಾಲ ಕಳೆದು ಹೋದ ಅದೇ ಒದೀಲ್. ನಮ್ಮ ಮನೆಯಲ್ಲಿ ಯಾರೂ ಹೆಸರೆತ್ತದ ಹೆಂಗಸು. ಅವರು ಬದುಕಿದ್ದಾರೆ ಮಾಂಯ್. ಈಗ ನಾನು ಬರೆಯುತ್ತಿರುವ ಮೇಜಿನ ಆಚೆ ಬದಿಯಲ್ಲಿ ಕುರ್ಚಿಯಲ್ಲಿ ಕೂತು ನಿದ್ದೆ ಮಾಡುತ್ತಿದ್ದಾರೆ.

ಮೊದಲು ನಿನ್ನ ಆರೋಗ್ಯ ಕೇಳಬೇಕಿತ್ತು, ಬಿಟ್ಟೇಬಿಟ್ಟೆ. ಮೊಣಕಾಲಿನ ಬಾವು ಇಳಿಯಿತೇ? ಎಣ್ಣೆ ಕಾಯಿಸಿ ಹಚ್ಚಿಕೊಳ್ಳುತ್ತೀಯೋ ಅಥವಾ ಹಚ್ಚಿಕೊಂಡೆ ಎಂದು ಮಮ್ಮಿಗೆ ಹೇಳುತ್ತೀಯೋ? ದೋಣಿ ಇಳಿಯುವಾಗ ಪಪ್ಪಾನ ಕೈ ಹಿಡಿದುಕೊ, ಮಾನ ಹೋಗುವುದಿಲ್ಲ. ಈ ಪತ್ರವನ್ನು ತಂಗಿ ಲವಿನಾಳ ಕೈಗೆ ಕೊಟ್ಟು ಓದಿಸಬೇಡ. ಅಕ್ಷರ ದೊಡ್ಡದಾಗಿ ಬರೆದಿದ್ದೇನೆ, ಕನ್ನಡಕ ಹಾಕಿಕೊಂಡು ನೀನೇ ಓದು. ಫೋನು ಮಾಡಿದರೆ ನಿನಗೆ ಕೇಳಿಸಲೆಂದು ಮಮ್ಮಿ ಸ್ಪೀಕರ್ ಹಾಕುತ್ತಾಳೆ, ಆಮೇಲೆ ನಾನು ಹೇಳಿದ್ದು ನಿನಗೆ ಮುಟ್ಟುವ ಮೊದಲು ಹೊಳೆಯಾಚೆಗೆ ಮುಟ್ಟುತ್ತದೆ. ಅದಕ್ಕೇ ಸೆಡ್ರಿಕ್‌ನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಲವಿನಾಳ ಮದುವೆಗೆಂದು ಅವನು ಇವತ್ತು ಹೊರಡುತ್ತಾನೆ.

ಇಲ್ಲಿಗೆ ಹೇಗೆ ಬಂದೆ ಎಂದು ಹೇಳುತ್ತೇನೆ. ನಾನು ಒಂದು ಕಡೆ ನಿಲ್ಲುವವನಲ್ಲ ಎಂದು ನಿನಗೆ ಗೊತ್ತು. ಹತ್ತನೆಯಲ್ಲಿ ಶಾಲೆ ಬಿಟ್ಟಾಗ ಕಾರಣ ಕೇಳದೆ ತಟ್ಟೆಗೆ ಅನ್ನ ಹಾಕಿದವಳು ನೀನೊಬ್ಬಳೇ. ಗಲ್ಫಿಗೆ ಬಂದ ಮೇಲೂ ಅದೇ ಹಣೆಬರಹ. ಇಲ್ಲಿಯೇ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಭಟ್ಕಳದ ಅತಾಉರ್ರಹ್ಮಾನ್ ಎಂಬವರ ಫೋನಿನ ಅಂಗಡಿಯಲ್ಲಿದ್ದೆ. ಗಿರಾಕಿಯೊಬ್ಬ ಇದು ಪಕ್ಕದಂಗಡಿಯಲ್ಲಿ ಕಡಿಮೆಗೆ ಸಿಗುತ್ತದಾ ಎಂದು ಕೇಳಿದ. ಸಿಗುತ್ತದೆ ಎಂದೆ. ಸಿಗುತ್ತಿತ್ತು. ಅವರು ಬೈಯಲಿಲ್ಲ. ಚಾ ತರಿಸಿ ಕುಡಿಸಿ, "ನೀನು ಒಳ್ಳೆ ಹುಡುಗ ಟ್ರೆವರ್, ಆದ್ರೆ ಅಂಗಡಿಗಲ್ಲ. ಖಲಾಸ್, ಬೇರೆ ಎಲ್ಲಾದ್ರೂ ನೋಡ್ಕೊ" ಎಂದರು. ಅದಾದ ಮೇಲೆ ದುಬೈಗೆ ಹೋಗಿ ಸೆಡ್ರಿಕ್‌ನ ಕೋಣೆಯಲ್ಲಿ ಅವನ ಮಂಚದ ಕೆಳಗೆ ಚಾಪೆ ಹಾಸಿ ಮಲಗುತ್ತಿದ್ದೆ. ಊದ್ ಮೇಥಾದ ಚರ್ಚಿನ ಅಂಗಳದಲ್ಲಿ ಅವನಿಗೆ ಕ್ಲಾರಾ ಸಿಕ್ಕಿದಳು. ಕಲ್ಯಾಣಪುರದ ಕಡೆಯವಳು, ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳ ವಾರ್ಡಿಗೆ ಬಂದ ಬೆಲ್ಜಿಯಂನ ಮುದುಕಿಯೊಬ್ಬರು ಮೆದುಳಿಗೆ ರಕ್ತ ಹೋಗುವುದು ನಿಂತು ತಮ್ಮ ಫ್ರೆಂಚ್ ಭಾಷೆಯನ್ನೇ ಕಳೆದುಕೊಂಡಿದ್ದರಂತೆ. ಇಂಗ್ಲಿಷ್ ಕೂಡ ಹೋಗಿತ್ತು. ಮಗ ಮಾತಾಡಿಸಿದರೆ ಅವರ ಬಾಯಿಂದ ಅವನಿಗೆ ತಿಳಿಯದ ಏನೋ ಬರುತ್ತಿತ್ತು. ವೈದ್ಯರು ಅದನ್ನು ಬರಿಯ ಸದ್ದು ಎಂದುಕೊಂಡಿದ್ದರು. ಕ್ಲಾರಾ ಮಾತ್ರೆ ಕೊಡಲು ಹೋದವಳು ಕೈಯಲ್ಲಿದ್ದ ನೀರು ಚೆಲ್ಲಿಕೊಂಡಳಂತೆ. ಮುದುಕಿ ಕೊಂಕಣಿಯಲ್ಲಿ ಗಂಜಿ ಕೇಳುತ್ತಿದ್ದರು. ಮೇಲಿಂದ ಉಪ್ಪಿನಕಾಯಿ ಬೇಕೆಂದೂ ಹೇಳಿದ್ದರು.

ಹೀಗೆ ಮಗನಿಗೆ ಕೊಂಕಣಿ ಬರುವ, ಗಾಲಿಕುರ್ಚಿ ತಳ್ಳುವಷ್ಟು ಶಕ್ತಿಯಿರುವ ಒಬ್ಬ ಬೇಕಾದ. ಹೆಸರು ಕೇಳಿದಾಗಲೂ ನನಗೆ ಹೊಳೆಯಲಿಲ್ಲ ಮಾಂಯ್, ಲೋಕದಲ್ಲಿ ಒದೀಲ್‌ಗಳು ಎಷ್ಟಿಲ್ಲ ಎಂದುಕೊಂಡೆ. ಮೊದಲ ದಿನ ಅವರ ಮುಂದೆ ನಿಂತಾಗ ಎಲ್ಲಿಯವನು ಎಂದು ಕೇಳಿದರು. ನಮ್ಮ ಕುದ್ರುವಿನ ಹೆಸರು ಹೇಳಿದೆ. ಅವರು ಬಲಗೈ ಎತ್ತಲಾರರು, ಎಡಗೈಯಿಂದ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ನನಗೆ ನಿನ್ನದೇ ಗಲ್ಲ ಎಂದು ಎಲ್ಲರೂ ಹೇಳುತ್ತಾರಲ್ಲ. "ಉರ್ಸುಲಾಚೊ?" ಎಂದರು. ಉರ್ಸುಲಾಳ ಮೊಮ್ಮಗನೇ ಎಂದೆ. ಅವರು ಗಲ್ಲ ಬಿಡದೆ, "ಉರ್ಸುಲಾ ಗಾಯ್ತಾ?" ಎಂದು ಕೇಳಿದರು. ಹಾಡುತ್ತಾಳೆಯೇ ಎಂದು.

ನಾನು ಇಲ್ಲ ಎಂದೆ. ಇಲ್ಲ ಎನ್ನುವುದೇ ನಿಜ. ನೀನು ಇಗರ್ಜಿಯ ಪೂಜೆಯಲ್ಲಿಯೂ ತುಟಿ ಅಲ್ಲಾಡಿಸುವುದಿಲ್ಲ, ನನ್ನನ್ನು ತೂಗುವಾಗಲೂ ಹಾಡಲಿಲ್ಲವಂತೆ, ಬರಿಯ ತೊಟ್ಟಿಲ ಹಗ್ಗದ ಸದ್ದಿಗೆ ನಾನು ಮಲಗುತ್ತಿದ್ದೆನಂತೆ. ಅವರು ಅತ್ತರು. ಮುಖದ ಒಂದೇ ಬದಿ ಅಳುತ್ತಿತ್ತು, ಇನ್ನೊಂದು ಬದಿ ಸುಮ್ಮನಿತ್ತು. ಅಂಥದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಆ ದಿನವೇ ಕೆಲಸ ಬಿಟ್ಟು ಓಡಬೇಕಿತ್ತು, ಓಡುವುದು ನನಗೆ ಅಭ್ಯಾಸವೂ ಹೌದು. ಯಾಕೆ ನಿಂತೆನೆಂದು ಸರಿಯಾಗಿ ಹೇಳಲಾರೆ. ನಿನ್ನ ಬಾಯಿ ಮುಚ್ಚಿಸಿದವರು ಹೇಗಿರುತ್ತಾರೆ ಎಂದು ನೋಡಬೇಕಿತ್ತೋ ಏನೋ. ನೋಡಿದರೆ ಅವರು ಬಟ್ಟಲು ಹಿಡಿಯಲಾರದ ಒಬ್ಬ ಮುದುಕಿ. ಈ ಬಡಾವಣೆಯಲ್ಲಿ ಎತ್ತರದ ಬಿಳಿ ಗೋಡೆಗಳು, ಗೋಡೆಯೊಳಗೆ ವಿಲ್ಲಾಗಳು, ರಸ್ತೆಯಲ್ಲಿ ನಡೆದು ಹೋಗುವವರೇ ಇಲ್ಲ. ವಿಮಾನ ನಿಲ್ದಾಣ ಹತ್ತಿರ. ತಲೆಯ ಮೇಲೆ ವಿಮಾನ ಇಳಿಯುವಾಗಲೆಲ್ಲ ಅವರು ಮಾತು ನಿಲ್ಲಿಸಿ ಕಾಯುತ್ತಾರೆ, ಸದ್ದು ಹೋದ ಮೇಲೆ ಬಿಟ್ಟ ಜಾಗದಿಂದಲೇ ಶುರು ಮಾಡುತ್ತಾರೆ. ಧ್ವನಿ ಹಿಡಿಯುವ ಯಂತ್ರದ ಜೊತೆ ಬದುಕಿದವರ ರೂಢಿ ಅದು ಎಂದು ಅವರ ಮಗ ಮಾತ್ಯೂ ಹೇಳಿದರು.

ಮಾತ್ಯೂ ಐವತ್ತು ದಾಟಿದವರು, ಸಮುದ್ರದ ನೀರನ್ನು ಸಿಹಿ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರು. ಒಬ್ಬರೇ ಇದ್ದಾರೆ. ನಡುಕೋಣೆಯಲ್ಲಿ ಅವರ ತಾಯಿ ಬರೆದ ಪುಸ್ತಕಗಳ ಒಂದು ಇಡೀ ಸಾಲು ಇದೆ. ನಮ್ಮಲ್ಲಿ ಅವರನ್ನು ಹಾಡು ಹಿಡಿಯುವ ಬಿಳಿ ಹೆಂಗಸು ಎಂದಷ್ಟೇ ಕರೆಯುತ್ತಿದ್ದರಲ್ಲ, ಅವರ ದೇಶದಲ್ಲಿ ದೊಡ್ಡ ಹೆಸರಂತೆ. ಜನರ ನಡುವೆ ಹೋಗಿ, ಅವರ ಅಡಿಗೆಮನೆಯಲ್ಲಿ ಕೂತು, ಅವರು ಹೇಗೆ ಹುಟ್ಟುತ್ತಾರೆ, ಯಾರಿಗೆ ಏನು ಬಡಿಸುತ್ತಾರೆ, ಸತ್ತಾಗ ಹೇಗೆ ಅಳುತ್ತಾರೆ ಎಂದು ಕಲಿತು ಬರೆಯುವುದು ಅವರ ವಿದ್ಯೆ. ನಮ್ಮ ಕುದ್ರುವಿನಿಂದ ಹೋದ ಮೇಲೆ ಓಮಾನಿನ ಮೀನುಗಾರರ ಹೆಂಗಸರ ಜೊತೆ ಇದ್ದರು, ಆಮೇಲೆ ಆಫ್ರಿಕಾದ ಉಪ್ಪಿನ ಗದ್ದೆಗಳಲ್ಲಿ. ಕಾದಂಬರಿಗಳನ್ನೂ ಬರೆದಿದ್ದಾರೆ. ಮಾತ್ಯೂ ಬೆಲ್ಜಿಯಂನ ನಾಮ್ಯೂರ್ ಎಂಬ ಊರಿನಲ್ಲಿ ತನ್ನ ಅಜ್ಜಿಯ ಹತ್ತಿರ ಬೆಳೆದರು. "ಲೋಕದ ಎಲ್ಲ ಅಡಿಗೆಮನೆ ಅಮ್ಮನಿಗೆ ಗೊತ್ತಿತ್ತು, ನಮ್ಮದೊಂದು ಬಿಟ್ಟು" ಎಂದು ಒಮ್ಮೆ ಲೋಟ ತೊಳೆಯುತ್ತಾ ಹೇಳಿದರು. ನಗುತ್ತಲೇ ಹೇಳಿದರು, ಆದರೆ ತೊಳೆದ ಲೋಟವನ್ನೇ ಮತ್ತೆ ತೊಳೆದರು.

ಕೊಂಕಣಿಯಲ್ಲಿ ಅಮ್ಮ ತನ್ನ ಬಗ್ಗೆ ಏನಾದರೂ ಹೇಳುತ್ತಾರಾ ಎಂದು ಅವರು ನನ್ನನ್ನು ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಕ್ಲಾರಾ ವಾರಕ್ಕೊಮ್ಮೆ ರಕ್ತದೊತ್ತಡ ನೋಡಲು ಬರುತ್ತಾಳೆ, ಇದನ್ನು ಕೇಳಿ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ತರಾಟೆಗೆ ತೆಗೆದುಕೊಂಡಳು. "ಎಂತ ಮಾರಾಯ ನೀನು? ನನ್ನ ಮಗ ನನ್ನ ಮಗ ಅಂತಾರೆ ಅಂತ ಒಂದು ಹೇಳಿದ್ರೆ ನಿನ್ನ ಗಂಟು ಹೋಗ್ತದಾ? ಅವ್ರಿಗೆ ಎಂತ ಗೊತ್ತಾಗ್ತದೆ?" ಗೊತ್ತಾಗುವುದಿಲ್ಲ, ಅದಕ್ಕೇ ಹೇಳಬಾರದು ಎಂದೆ. "ನಿನ್ನ ಸತ್ಯ ಇಟ್ಕೊಂಡು ಎಲ್ಲಿ ಹೋಗ್ತೀ ನೋಡುವ" ಎಂದು ಅವಳು ಸಿಟ್ಟಿನಿಂದ ಟ್ಯಾಕ್ಸಿ ಹತ್ತಿದಳು. ಒಳ್ಳೆಯ ಹುಡುಗಿ, ಬರುವಾಗ ನನಗೆಂದು ಸಣ್ಣಾಂ ಮಾಡಿ ತರುತ್ತಾಳೆ. ಉದ್ದು ಸ್ವಲ್ಪ ಕಡಿಮೆ, ನಿನ್ನದರಷ್ಟು ಮೆತ್ತಗಿರುವುದಿಲ್ಲ.

ಆ ಪ್ರಶ್ನೆ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಮಧ್ಯಾಹ್ನದ ಗಂಜಿ ಮುಗಿಸಿ ಬಾಯಿ ಒರೆಸಿದ ಮೇಲೆ ನನ್ನ ಕಡೆ ತಿರುಗಿ ಉರ್ಸುಲಾ ಹಾಡುತ್ತಾಳೆಯೇ ಎಂದು ಕೇಳುತ್ತಾರೆ. ಇಲ್ಲ ಎನ್ನುತ್ತೇನೆ. ಮುಖದ ಒಂದು ಬದಿ ಅಳುತ್ತದೆ. ಅವರಿಗೆ ಹಿಂದಿನ ದಿನದ್ದು ನೆನಪಿಲ್ಲ, ದಿನವೂ ಹೊಸದಾಗಿ ಪೆಟ್ಟು ತಿನ್ನುತ್ತಿದ್ದಾರೆ, ಹೊಡೆಯುತ್ತಿರುವವನು ನಾನು ಎಂದು ಸಂಕಟವಾಗುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ, ಇಲ್ಲಿ ಮಳೆಗಾಲವೆಲ್ಲಿ, ಅಲ್ಲಿ ನಿಮ್ಮಲ್ಲಿ ಮುಗಿಯುವ ಹೊತ್ತಿಗೆ, ಅವರು ಊಟ ಕಡಿಮೆ ಮಾಡಿದರು. ಒಮ್ಮೆ ಕ್ಲಾರಾ ಇದ್ದಾಗಲೇ ಪ್ರಶ್ನೆ ಬಂತು. ನಾನು ಬಾಯಿ ತೆರೆಯುವ ಮೊದಲೇ ಅವಳು, "ಹೋಯ್ ಬಾಯೆ, ಬರೇಂ ಗಾಯ್ತಾ!" ಎಂದುಬಿಟ್ಟಳು, ಹೌದು, ಚೆನ್ನಾಗಿ ಹಾಡುತ್ತಾಳೆ ಎಂದು. ಮುದುಕಿಯ ಮುಖ ಅರಳಿದ್ದನ್ನು ನೋಡಿ ನನಗೆ ನಾಚಿಕೆಯಾಯಿತು, ಇಷ್ಟು ಸುಲಭದ್ದನ್ನು ನಾನು ಕೊಡಲಿಲ್ಲವಲ್ಲ ಎಂದು. ಆದರೆ ಅವರು ಅಲ್ಲಿಗೆ ಬಿಡಲಿಲ್ಲ. ಯಾವುದನ್ನು ಹಾಡಿದಳು? ಯಾರ ಮನೆಯಲ್ಲಿ? ಪಕ್ಕದಲ್ಲಿ ಯಾರು ಕೂತಿದ್ದರು? ತಡವರಿಸಿದ ಕ್ಲಾರಾ ಇತ್ತೀಚೆಗೆ ಮದುವೆಗಳಲ್ಲಿ ಬ್ಯಾಂಡಿನವರು ಬಾರಿಸುವ ಯಾವುದೋ ಒಂದನ್ನು ಗುನುಗಿದಳು. ಒದೀಲ್‌ಬಾಯಿ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಇದು ಅವಳದ್ದಲ್ಲ ಎಂದು ಹೇಳಿ ಗೋಡೆಯ ಕಡೆ ತಿರುಗಿದರು. ಆ ಸಂಜೆ ನೀರನ್ನೂ ಕುಡಿಯಲಿಲ್ಲ.

ಅದನ್ನು ಮಾತ್ಯೂಗೆ ಹೇಳಿದಾಗ ಅವರು ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು. ಅಮ್ಮನ ಕೆಲಸದ ಪದ್ಧತಿಯೇ ಹಾಗೆ ಎಂದರು. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ದಿನ ಕೇಳುವುದು. ಉತ್ತರ ಬದಲಾದರೆ ಜನ ಅವರನ್ನು ಸಂತೋಷಪಡಿಸಲು ಹೇಳುತ್ತಿದ್ದಾರೆ ಎಂದು ಅರ್ಥ, ಬದಲಾಗದಿದ್ದರೆ ಬರೆದುಕೊಳ್ಳಬಹುದು. ಹಾಗಾದರೆ ಮಾಂಯ್, ಅವರು ಮರೆತು ಕೇಳುತ್ತಿಲ್ಲವೇನೋ. ನೆನಪಿಟ್ಟುಕೊಂಡೇ ಕೇಳುತ್ತಿದ್ದಾರೇನೋ.

ಇನ್ನು ಕಷ್ಟದ ವಿಷಯ ಬರೆಯಬೇಕು. ಒದೀಲ್‌ಬಾಯಿ ನಮ್ಮ ಕುದ್ರುವಿನ ಬಗ್ಗೆ ಬರೆದ ಪುಸ್ತಕವನ್ನು ಮಾತ್ಯೂ ತೆಗೆದು, ನಿನ್ನ ಹಾಡಿನ ಪುಟವನ್ನು ಇಂಗ್ಲಿಷಿನಲ್ಲಿ ನನಗೆ ಹೇಳಿದರು. ಮೊದಲು ನಾನು ಅವರಿಗೆ ನಮ್ಮ ಪದ್ಧತಿ ವಿವರಿಸಬೇಕಾಯಿತು: ಮದುವೆಯ ಹಿಂದಿನ ಸಂಜೆ ವಧುವಿಗೆ ತೆಂಗಿನಹಾಲು ಹಚ್ಚುವ ರೋಸ್, ಆಗ ಹೆಂಗಸರು ಹಾಡುವ ವೊವಿಯೊ, ಗಂಡ ಸತ್ತವಳು ಆ ಚಪ್ಪರದಲ್ಲಿ ಹಾಲೂ ಹಚ್ಚಬಾರದು, ಹಾಡೂ ಎತ್ತಬಾರದು ಎಂಬುದು, ಈಸ್ಟರಿಗೆ ಮುಂಚಿನ ಕರೆಜ್ಮಾ ದಿನಗಳಲ್ಲಿ ಮದುವೆಯ ಹಾಡು ಯಾರ ಬಾಯಲ್ಲೂ ಬರಬಾರದು ಎಂಬುದು. ಅವರು ತಲೆಯಾಡಿಸಿದರು, ಅದೆಲ್ಲ ಪುಸ್ತಕದಲ್ಲಿದೆ, ಅಮ್ಮ ಎಲ್ಲವನ್ನೂ ಬರೆದಿದ್ದಾಳೆ ಎಂದರು. ಆಮೇಲೆ ನಿನ್ನ ಪುಟ. ನಿನ್ನ ಹೆಸರಿಲ್ಲ, ವಿಧವೆ ಎಂದಿದೆ. ಹುಣಸೆ ಹಿಂಡಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳದೆ ಎತ್ತಿ ಹಿಡಿದು ಹಾಡಿದಳು ಎಂದಿದೆ, ನಿನ್ನನ್ನು ಕಣ್ಣಾರೆ ಕಂಡ ಹಾಗಾಯಿತು. ಮುಂದೆ, ಈ ಹೆಂಗಸು ಕರೆಜ್ಮಾದ ನಡುವೆ, ಊರಿನ ಕಟ್ಟಳೆಗೆ ಎದುರಾಗಿ, ತಾನಾಗಿಯೇ ಹಾಡಲು ಮುಂದೆ ಬಂದಳು ಎಂದಿದೆ. ಆ ಪುಟದಿಂದಲೇ ಪುಸ್ತಕಕ್ಕೆ ಹೆಸರು ಬಂತಂತೆ. ಅವರ ದೇಶದ ಹುಡುಗಿಯರು ಕಾಲೇಜಿನಲ್ಲಿ ನಿನ್ನ ಧೈರ್ಯದ ಬಗ್ಗೆ ಓದುತ್ತಾರಂತೆ.

ನೀನು ನನಗೆ ಹೇಳಿದ್ದು ಹಾಗಲ್ಲ. ಒಂದೇ ಸಲ ಹೇಳಿದ್ದೀ, ಮೀನು ಕೊಯ್ಯುತ್ತಾ. "ಮನೆಗೆ ಬಂದವಳು ಕೇಳಿದಳು, ಊರಿಗೆ ಹೋಗುವ ದಿನ ಹತ್ತಿರ ಬಂತು ಅಂದಳು. ಇಲ್ಲ ಅನ್ನಲು ಬಾಯಿ ಬರಲಿಲ್ಲ." ನೀನು ಬಾಗಿಲು ಹಾಕಿಕೊಂಡು ಹಾಡಿದೆ, ಬಾವಿಕಟ್ಟೆಯಲ್ಲಿದ್ದವರಿಗೆ ಕೇಳಿತು. ಈಸ್ಟರ್ ಆದ ಮೇಲೆ ನಮ್ಮ ದೊಡ್ಡಪ್ಪನವರ ಮನೆಯ ಫ್ಲೋರಿನ್‌ಳ ಮದುವೆ. ಮಳೆಗಾಲಕ್ಕೆ ಮುಂಚೆ ಅವಳ ಗಂಡ ದೋಣಿ ಮಗುಚಿ ಹೋದ. ಹೊಳೆಯಲ್ಲಿ ಸುಳಿ ಇತ್ತು ಎಂದು ಯಾರೂ ಹೇಳಲಿಲ್ಲ, ಉರ್ಸುಲಾ ಕರೆಜ್ಮಾದಲ್ಲಿ ಹಾಡಿದಳು ಎಂದರು. ಅಷ್ಟು ಹೊತ್ತಿಗೆ ಒದೀಲ್‌ಬಾಯಿ ಹೋಗಿಯಾಗಿತ್ತು. ನಾನು ಇದನ್ನೆಲ್ಲ ಮಾತ್ಯೂಗೆ ಹೇಳಿದೆ. ಅವರು ಪುಸ್ತಕ ಮುಚ್ಚಿ, ನನ್ನ ಅಮ್ಮ ಜೀವನದಲ್ಲಿ ಬಹಳ ತಪ್ಪು ಮಾಡಿದ್ದಾಳೆ, ಆದರೆ ಸುಳ್ಳು ಬರೆದವಳಲ್ಲ ಎಂದರು. ನನ್ನ ಅಜ್ಜಿಯೂ ಸುಳ್ಳು ಹೇಳುವವಳಲ್ಲ ಎಂದೆ. ಕುರ್ಚಿಯಲ್ಲಿ ಒದೀಲ್‌ಬಾಯಿ ಎಚ್ಚರವಿದ್ದರು, ನಾವು ಗಮನಿಸಿರಲಿಲ್ಲ. ನಮ್ಮ ಇಂಗ್ಲಿಷ್ ತಿಳಿಯಿತೋ, ಮೇಜಿನ ಮೇಲಿನ ಪುಸ್ತಕ ಕಂಡಿತೋ, ನಿನ್ನ ಹೆಸರು ಕಿವಿಗೆ ಬಿತ್ತೋ. ಕೊಂಕಣಿಯಲ್ಲಿ, ಒಂದೊಂದೇ ಮಾತನ್ನು ಎತ್ತಿಟ್ಟ ಹಾಗೆ ಹೇಳಿದರು. ಹಾಡು ಎಂದು ಕೇಳಿದ್ದು ನಾನು. ಅವಳಲ್ಲ. ಕರೆಜ್ಮಾ ಎಂದು ನನಗೆ ಗೊತ್ತಿತ್ತು. ಅವಳು ಎರಡು ಸಲ ಇಲ್ಲ ಎಂದಳು.

ನೀನು ಎರಡು ಸಲ ಇಲ್ಲ ಎಂದಿದ್ದೀಯಾ ಮಾಂಯ್? ಅದನ್ನು ನೀನೇ ಮರೆತೆಯಾ, ಅಥವಾ ಯಾರೂ ನಂಬುವುದಿಲ್ಲ ಎಂದು ಬಿಟ್ಟೆಯಾ?

ಏನು ಹೇಳಿದರು ಎಂದು ಮಾತ್ಯೂ ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಎದ್ದು ಅಂಗಳಕ್ಕೆ ಹೋಗಿ ಖರ್ಜೂರದ ಮರದ ಕೆಳಗೆ ನಿಂತರು. ಬಿಸಿಲಿಗೆ ಹಾಗೆ ಯಾರೂ ನಿಲ್ಲುವುದಿಲ್ಲ ಇಲ್ಲಿ. ನಾಳೆಯಿಂದ ಬರಬೇಡ ಎನ್ನುತ್ತಾರೆ ಎಂದು ನನ್ನ ಬಟ್ಟೆ ಮಡಚಿಡಲು ಹೋದೆ. ಒಳಗೆ ಬಂದವರು, ಡಾಕ್ಟರು ಹೆಚ್ಚು ಸಮಯ ಕೊಟ್ಟಿಲ್ಲ, ಅಮ್ಮನನ್ನು ನಾಮ್ಯೂರಿಗೆ ಕರೆದೊಯ್ಯುತ್ತೇನೆ, ನೀನು ಜೊತೆಗೆ ಬರಬೇಕು ಎಂದರು. ಅಲ್ಲಿ ಕೊಂಕಣಿ ಬರುವವರು ಒಬ್ಬರೂ ಇಲ್ಲ. "ನಿನ್ನ ಬಾಯಿಂದ ಒಂದು ಸಿಹಿ ಮಾತು ನಾನು ಇದುವರೆಗೆ ಕೇಳಿಲ್ಲ. ಆದ್ದರಿಂದ ಅವಳು ಯಾವತ್ತಾದರೂ ನನ್ನ ಹೆಸರು ಹೇಳಿದಳು ಎಂದು ನೀನು ಹೇಳಿದರೆ ನಾನು ನಂಬಬಹುದು" ಎಂದರು. ಬರುತ್ತೇನೆ ಎಂದೆ. ಲವಿನಾಳ ರೋಸ್ ಬರುವ ಮಂಗಳವಾರ ಎಂದು ಗೊತ್ತಿದ್ದೂ ಬರುತ್ತೇನೆ ಎಂದೆ. ಮದುವೆಗೆ ಬರುವುದಿಲ್ಲ ಎಂದು ಅವಳಿಗೆ ನಾನೇ ಹೇಗೆ ಹೇಳಲಿ? ಹೇಳಿದರೆ ನಿನ್ನೆದುರೇ ಅಳುತ್ತಾಳೆ. ಅವಳ ಕೈಯಲ್ಲಿ ತೆಂಗಿನಕಾಯಿ ತುರಿಸಬೇಡ, ಬೆರಳು ಕೊಯ್ದುಕೊಳ್ಳುತ್ತಾಳೆ. ಸೆಡ್ರಿಕ್‌ನ ಹತ್ತಿರ ಅವಳಿಗೊಂದು ಸೀರೆ, ನಿನಗೆ ಮೊಣಕಾಲಿಗೆ ಸುತ್ತುವ ಪಟ್ಟಿ, ಪಪ್ಪಾನಿಗೆ ಖರ್ಜೂರ ಕಳಿಸಿದ್ದೇನೆ. ಮಮ್ಮಿಗೆ ಏನೂ ತೋಚಲಿಲ್ಲ, ಹಾಗಾಗಿ ಎರಡು ಸಾಬೂನು.

ಕ್ಷಮಿಸಿಬಿಡು ಎಂದು ನಾನು ಬರೆಯುತ್ತಿಲ್ಲ. ಒದೀಲ್‌ಬಾಯಿಯೂ ಕ್ಷಮೆ ಕೇಳಿಲ್ಲ, ಅವರು ಕೇಳುವುದು ಆ ಒಂದೇ ಪ್ರಶ್ನೆ. ನಿನ್ನ ಪರವಾಗಿ ಉತ್ತರ ಕೊಡಲು ನಾನು ಯಾರು? ಆದರೆ ತಪ್ಪು ತನ್ನದು ಎಂದು ಅವರು ತಮ್ಮ ಬಾಯಿಂದ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಬೇಕಾದರೆ ಈ ಪತ್ರದ ಆ ಭಾಗವನ್ನು ಚಪ್ಪರದಲ್ಲಿ ಎಲ್ಲರೆದುರು ಓದಿಸು. ಬೇಡವಾದರೆ ಒಲೆಗೆ ಹಾಕು. ಪಪ್ಪಾನಿಗೂ ಮಮ್ಮಿಗೂ ನನ್ನ ನಮಸ್ಕಾರ. ಮಲಗುವ ಮುಂಚಿನ ತೇರ್ಸದ ಪ್ರಾರ್ಥನೆಯಲ್ಲಿ ನನ್ನ ಹೆಸರು ಸೇರಿಸುತ್ತಿರು, ಒದೀಲ್‌ಬಾಯಿಯದ್ದನ್ನು ಸೇರಿಸು ಎಂದು ಕೇಳುವ ಧೈರ್ಯ ನನಗಿಲ್ಲ. ನಿನ್ನ ಬಲಗೈಯನ್ನು ದೂರದಿಂದಲೇ ತಲೆಯ ಮೇಲೆ ಇಟ್ಟುಕೊಳ್ಳುತ್ತೇನೆ.

ನಿನ್ನ ಮೊಮ್ಮಗ
ಟ್ರೆವರ್

ಸೆಡ್ರಿಕ್ ಕೆಳಗೆ ಕಾರಿನಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಮುಖ್ಯವಾದದ್ದನ್ನೇ ಬರೆಯಲಿಲ್ಲ. ಮಂಗಳವಾರ ಚಪ್ಪರದಲ್ಲಿ ಬ್ಯಾಂಡಿನವರು ಇರುತ್ತಾರೆ, ನಿನ್ನನ್ನು ಅಡಿಗೆಮನೆಗೆ ಕಳಿಸುತ್ತಾರೆ, ಗೊತ್ತು. ಅಲ್ಲಿಯೇ ಆದರೂ ಸರಿ, ಹುಣಸೆ ಕೈಯಲ್ಲೇ ಆದರೂ ಸರಿ, ಲವಿನಾಳಿಗಾಗಿ ಒಂದು ವೊವಿ ಹಾಡಿದರೆ ಯಾವುದನ್ನು ಹಾಡಿದೆ, ಎಲ್ಲಿ ಕೂತು, ಪಕ್ಕದಲ್ಲಿ ಯಾರಿದ್ದರು ಎಂದು ಸೆಡ್ರಿಕ್‌ಗೆ ಹೇಳು. ಅವನು ಫೋನಿನಲ್ಲಿ ನನಗೆ ಬರೆಯುತ್ತಾನೆ. ಒದೀಲ್‌ಬಾಯಿ ಅದೆಲ್ಲವನ್ನೂ ಕೇಳಿಯೇ ಕೇಳುತ್ತಾರೆ. ಹಾಡದಿದ್ದರೆ ಹಾಡಲಿಲ್ಲ ಎಂದೇ ಹೇಳು, ನಾನು ಅದನ್ನೇ ಅವರಿಗೆ ಹೇಳುತ್ತೇನೆ. ನಾಳೆ ಬೆಳಿಗ್ಗೆ ನಾವು ಹೊರಡುತ್ತೇವೆ.